ನಾಲ್ಕು ಸ್ಕೇಲು, ಎಂಟು ತಂತಿ: ಸಣ್ಣ ಪ್ರಾಜೆಕ್ಟಿಗೆ ಯಾವ ಲಾಜಿಕ್ ಚಿಪ್?

ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಮಿಲ್ಲಿಂಗ್ ಮಷಿನ್ನಿನ ಪಕ್ಕ ಅಂಕಿ ತೋರಿಸುವ ಒಂದು ಡಬ್ಬ ಇರುತ್ತದೆ. ಅದನ್ನು ಡಿಆರ್‌ಒ (ಡಿಜಿಟಲ್ ರೀಡ್‌ಔಟ್) ಅನ್ನುತ್ತಾರೆ. ಮಷಿನ್ನಿನ ಮೇಜು ಎಷ್ಟು ಸರಿಯಿತು ಅಂತ ತೋರಿಸುವುದು ಅದರ ಕೆಲಸ. ಮೇಜಿಗೆ ಒಂದು ಸ್ಕೇಲ್ ಕೂರಿಸಿರುತ್ತಾರೆ. ಮೇಜು ಸರಿದಂತೆ ಸ್ಕೇಲಿನಿಂದ ಎರಡು ತಂತಿಗಳಲ್ಲಿ ಪಲ್ಸ್, ಅಂದರೆ ಕರೆಂಟಿನ ಪುಟ್ಟ ಮಿಡಿತ, ಬರುತ್ತದೆ. ಡಬ್ಬ ಅದನ್ನು ಎಣಿಸುತ್ತದೆ.

ಇದನ್ನು ನಾವೇ ಮಾಡಿಕೊಳ್ಳಬಹುದಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಂದು ಆರ್ಡುಯಿನೊ (ಪ್ರೋಗ್ರಾಂ ಬರೆದು ಓಡಿಸುವ ಪುಟ್ಟ ಬೋರ್ಡ್), ಒಂದು ಡಿಸ್‌ಪ್ಲೇ, ನಾಲ್ಕು ಸಾಲು ಪ್ರೋಗ್ರಾಂ. ಕೈಯಲ್ಲಿ ನಿಧಾನಕ್ಕೆ ತಿರುಗಿಸಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಮೇಜನ್ನು ಜೋರಾಗಿ ಸರಿಸಿ ವಾಪಸ್ ತಂದಾಗ ಸೊನ್ನೆ ಇರಬೇಕಾದ ಕಡೆ 0.037 ಮಿಲಿಮೀಟರ್ ಅಂತ ಬಂದಿರುತ್ತದೆ. ಒಮ್ಮೆ ಕಳೆದುಹೋದ ಪಲ್ಸ್ ಮತ್ತೆ ಸಿಗುವುದಿಲ್ಲ. ಆ ತಪ್ಪು ಇಡೀ ದಿನ ಉಳಿಯುತ್ತದೆ, ಆ ದಿನ ಕೊರೆದ ಪ್ರತಿ ರಂಧ್ರವೂ ಪಕ್ಕಕ್ಕೆ ಬೀಳುತ್ತದೆ.

ಆಗ ಯಾರೋ "ಎಫ್‌ಪಿಜಿಎ ಹಾಕಿ" ಅನ್ನುತ್ತಾರೆ. ಇನ್ನೊಬ್ಬರು "ಅಷ್ಟೆಲ್ಲ ಯಾಕೆ, ಸಿಪಿಎಲ್‌ಡಿ ಸಾಕು" ಅನ್ನುತ್ತಾರೆ. ಎರಡೂ ನಮಗೆ ಬೇಕಾದ ಸರ್ಕ್ಯೂಟನ್ನು ಒಳಗೆ ಬರೆದುಕೊಳ್ಳಬಹುದಾದ ಲಾಜಿಕ್ ಚಿಪ್‌ಗಳು. ಅಂಗಡಿಯಲ್ಲಿ ನೋಡಿದರೆ ನೂರಾರು ಹೆಸರು, ಇನ್ನೂರು ರೂಪಾಯಿಯಿಂದ ಲಕ್ಷದವರೆಗೆ ಬೆಲೆ. ಈ ಡಿಆರ್‌ಒ ಡಬ್ಬವನ್ನೇ ಉದಾಹರಣೆ ಮಾಡಿಕೊಂಡು, ಕಡಿಮೆ ಖರ್ಚಿನಲ್ಲಿ ಸರಿಯಾದ ಚಿಪ್ ಹುಡುಕುವುದು ಹೇಗೆ ಅಂತ ನೋಡೋಣ.

ಒಬ್ಬರೇ ಬಡಿಸಿದರೆ ಏನಾಗುತ್ತದೆ?

ಮದುವೆ ಊಟದ ಪಂಕ್ತಿ ಕಲ್ಪಿಸಿಕೊಳ್ಳಿ. ಕೋಸಂಬರಿ, ಪಲ್ಯ, ಅನ್ನ, ಸಾರು ಎಲ್ಲವನ್ನೂ ಒಬ್ಬರೇ ಬಡಿಸಬೇಕು. ಅವರು ಎಷ್ಟೇ ಚುರುಕಾಗಿದ್ದರೂ ಪಂಕ್ತಿ ಉದ್ದವಾದರೆ ಯಾರದೋ ಎಲೆ ಖಾಲಿ ಉಳಿಯುತ್ತದೆ. ಆರ್ಡುಯಿನೊದಲ್ಲಿರುವ ಮೈಕ್ರೊಕಂಟ್ರೋಲರ್ ಚಿಪ್ ಹೀಗೆ. ಒಂದಾದ ಮೇಲೆ ಒಂದು ಕೆಲಸ ಮಾಡುತ್ತದೆ.

ಪ್ರೋಗ್ರಾಮಬಲ್ ಲಾಜಿಕ್ ಚಿಪ್ ಅಂದರೆ ಪ್ರತಿ ಪದಾರ್ಥಕ್ಕೂ ಒಬ್ಬೊಬ್ಬರನ್ನು ನಿಲ್ಲಿಸಿದ ಹಾಗೆ. ಇಲ್ಲಿ ಪ್ರೋಗ್ರಾಂ ಓಡುವುದಿಲ್ಲ. ನೀವು ಬರೆದದ್ದು ಚಿಪ್ ಒಳಗೆ ಸರ್ಕ್ಯೂಟ್ ಆಗುತ್ತದೆ. ನಾಲ್ಕು ಸ್ಕೇಲ್ ಇದ್ದರೆ ಒಳಗೆ ನಾಲ್ಕು ಬೇರೆ ಬೇರೆ ಕೌಂಟರ್. ಒಂದಕ್ಕಾಗಿ ಇನ್ನೊಂದು ಕಾಯುವುದಿಲ್ಲ.

ಲೆಕ್ಕ ನೋಡಿ. 1 ಮೈಕ್ರಾನ್ ಅಳೆಯುವ ಸ್ಕೇಲನ್ನು ಸೆಕೆಂಡಿಗೆ 100 ಮಿಲಿಮೀಟರ್ ಸರಿಸಿದರೆ 1 ಲಕ್ಷ ಎಣಿಕೆ ಬರುತ್ತದೆ. ಆರ್ಡುಯಿನೊ ಯುನೊ ಬೋರ್ಡಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಬಡಿಯುತ್ತದೆ. ಅಂದರೆ ಒಂದು ಎಣಿಕೆಗೆ ಸಿಗುವುದು 160 ಬಡಿತ. ಎರಡು ಸ್ಕೇಲ್ ಒಟ್ಟಿಗೆ ಸರಿದರೆ 80. ಕೈಲಿರುವ ಕೆಲಸ ಬಿಟ್ಟು, ತಂತಿ ನೋಡಿ, ಎಣಿಸಿ ವಾಪಸ್ ಬರುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ. ಡಿಸ್‌ಪ್ಲೇಗೆ ಬರೆಯುವುದು ಯಾವಾಗ?

ನಿಜಕ್ಕೂ ಇದು ಬೇಕಾ?

ಚಿಪ್ ಆರಿಸುವ ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಎಲ್ಲ ಮೈಕ್ರೊಕಂಟ್ರೋಲರ್‌ಗಳೂ ಆರ್ಡುಯಿನೊ ಯುನೊ ಥರ ಇರುವುದಿಲ್ಲ. ಎಸ್‌ಟಿಎಂ32 ಚಿಪ್‌ಗಳ ಟೈಮರ್‌ಗಳಲ್ಲಿ ಇಂಥ ಎರಡು ತಂತಿಯ ಪಲ್ಸ್ ಎಣಿಸುವ ಸೌಲಭ್ಯ ಒಳಗೇ ಇದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನ ಚಿಪ್‌ನಲ್ಲಿ ಪಿಐಒ ಎಂಬ ಭಾಗ ಇದೆ. ಅದರಲ್ಲಿ ಎಂಟು ಪುಟ್ಟ ಯಂತ್ರಗಳು ಮುಖ್ಯ ಪ್ರೊಸೆಸರ್‌ನ ಹಂಗಿಲ್ಲದೆ ಪಿನ್‌ಗಳನ್ನು ನೋಡಿಕೊಳ್ಳುತ್ತವೆ. ಪಿಕೊ ಬೆಲೆ ಕೆಲವು ನೂರು ರೂಪಾಯಿ.

ಎರಡು ಮೂರು ಸ್ಕೇಲ್ ಸಾಕು ಅನ್ನುವವರಿಗೆ ಪಿಕೊ ಸಾಕಾಗಬಹುದು. ಆಗ ಈ ಲೇಖನದ ಮುಂದಿನ ಭಾಗದ ಖರ್ಚೇ ಬೇಡ. ಆದರೆ ಸ್ಕೇಲುಗಳ ಜೊತೆ ಸ್ಪಿಂಡಲ್ (ಕಟ್ಟರ್ ತಿರುಗಿಸುವ ದಂಡ) ಸುತ್ತು ಎಣಿಸಬೇಕು, ಮೋಟಾರಿಗೆ ಪಲ್ಸ್ ಕಳಿಸಬೇಕು, ಎಲ್ಲವೂ ಒಂದೇ ತಾಳಕ್ಕೆ ನಡೆಯಬೇಕು ಅಂದಾಗ ಲಾಜಿಕ್ ಚಿಪ್ ಬೇಕಾಗುತ್ತದೆ.

ಒಳಗೆ ಇರುವುದು ಮಗ್ಗಿ ಪುಸ್ತಕ

ಏಳೆಂಟ್ಲ ಐವತ್ತಾರು ಅಂತ ನಾವು ಲೆಕ್ಕ ಮಾಡಿ ಹೇಳುವುದಿಲ್ಲ. ಬಾಯಿಪಾಠ ಇರುತ್ತದೆ, ಹೇಳುತ್ತೇವೆ. ಎಫ್‌ಪಿಜಿಎ ಒಳಗಿನ ಚಿಕ್ಕ ತುಣುಕು ಮಾಡುವುದೂ ಇದನ್ನೇ. ಅದರ ಹೆಸರು ಲುಕಪ್ ಟೇಬಲ್, ಚಿಕ್ಕದಾಗಿ ಲಟ್. ಸಾಮಾನ್ಯವಾಗಿ ಇದಕ್ಕೆ ನಾಲ್ಕು ತಂತಿ ಒಳಗೆ, ಒಂದು ಹೊರಗೆ. ನಾಲ್ಕು ತಂತಿಗಳಲ್ಲಿ ಸೊನ್ನೆ ಒಂದು ಸೇರಿ 16 ರೀತಿ ಬರಬಹುದು. ಆ ಹದಿನಾರಕ್ಕೂ ಉತ್ತರವನ್ನು ಮೊದಲೇ ಬರೆದಿಟ್ಟಿರುತ್ತಾರೆ. ಉತ್ತರ ಬದಲಿಸಿದರೆ ಅದೇ ತುಣುಕು ಬೇರೆ ಗೇಟ್, ಅಂದರೆ ಬೇರೆ ಲಾಜಿಕ್ ಸರ್ಕ್ಯೂಟ್, ಆಗುತ್ತದೆ.

ಲಟ್ ಪಕ್ಕದಲ್ಲಿ ಒಂದು ಫ್ಲಿಪ್‌ಫ್ಲಾಪ್ ಇರುತ್ತದೆ. ಅದು ಒಂದೇ ಒಂದು ಬಿಟ್ ನೆನಪಿಟ್ಟುಕೊಳ್ಳುತ್ತದೆ. ಲಟ್ ಮತ್ತು ಫ್ಲಿಪ್‌ಫ್ಲಾಪ್ ಸೇರಿದರೆ ಒಂದು ಲಾಜಿಕ್ ಸೆಲ್. "ಈ ಚಿಪ್‌ನಲ್ಲಿ ಎಷ್ಟು ಜಾಗ ಇದೆ" ಅಂತ ಕೇಳಿದರೆ ಇಂಥ ಸೆಲ್ ಎಷ್ಟಿವೆ ಅಂತ ಅರ್ಥ.

ಗ್ಯಾಲ್, ಸಿಪಿಎಲ್‌ಡಿ, ಎಫ್‌ಪಿಜಿಎ

ಸಾಲಿನಲ್ಲಿ ಚಿಕ್ಕದು ಗ್ಯಾಲ್. 1985ರ ಹೊತ್ತಿಗೆ ಲ್ಯಾಟಿಸ್ ಕಂಪನಿ ತಂದದ್ದು. ಅದಕ್ಕೂ ಮೊದಲು 1978ರಲ್ಲಿ ಬಂದ ಪ್ಯಾಲ್ ಚಿಪ್‌ಗೆ ಒಂದು ಸಲ ಬರೆದರೆ ಮುಗಿಯಿತು. ಗ್ಯಾಲ್ ಅನ್ನು ಅಳಿಸಿ ಮತ್ತೆ ಬರೆಯಬಹುದು. ಈ ಜಾತಿಯಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುವುದು ಮೈಕ್ರೊಚಿಪ್ ಕಂಪನಿಯ ಎಟಿಎಫ್16ವಿ8 ಮತ್ತು ಎಟಿಎಫ್22ವಿ10. ದೊಡ್ಡದರಲ್ಲೂ ಇರುವುದು ಹತ್ತೇ ಸೆಲ್. ಇಲ್ಲಿ ಸೆಲ್‌ಗೆ ಮ್ಯಾಕ್ರೊಸೆಲ್ ಅನ್ನುತ್ತಾರೆ. ಒಂದೊಂದು ಸಣ್ಣ ಲಾಜಿಕ್ ಕೆಲಸ ಮಾಡುವ ಐದಾರು 74 ಸರಣಿಯ ಐಸಿ ತೆಗೆದು ಒಂದು ಚಿಪ್ ಹಾಕಬೇಕು ಅನ್ನುವ ಕಡೆ ಇದು ಬಲು ಚೆನ್ನ. 8085 ಅಥವಾ ಜೆಡ್80 ಥರದ ಹಳೇ ಪ್ರೊಸೆಸರ್ ಬೋರ್ಡ್ ಕಟ್ಟುವವರು ಮೆಮೊರಿಯ ವಿಳಾಸ ಬಿಡಿಸುವುದಕ್ಕೆ ಇದನ್ನೇ ಹಾಕುತ್ತಾರೆ.

ಮುಂದಿನದು ಸಿಪಿಎಲ್‌ಡಿ. ಒಂದು ಅಂಗಳ, ಸುತ್ತ ನಾಲ್ಕೈದು ದೊಡ್ಡ ಕೋಣೆ ಇರುವ ಮನೆ ಇದ್ದ ಹಾಗೆ. ಕೋಣೆ ಅಂದರೆ ಮ್ಯಾಕ್ರೊಸೆಲ್‌ಗಳ ಗುಂಪು. ಯಾವ ಕೋಣೆಯಿಂದ ಯಾವ ಕೋಣೆಗೆ ಹೋದರೂ ಅಂಗಳ ದಾಟಿದರೆ ಆಯಿತು. ಹಾಗಾಗಿ ಸಿಗ್ನಲ್ ಎಷ್ಟು ಹೊತ್ತಿಗೆ ಹೊರಬರುತ್ತದೆ ಅಂತ ಮೊದಲೇ ಹೇಳಬಹುದು.

ಎಫ್‌ಪಿಜಿಎ ಒಂದು ದೊಡ್ಡ ಬಡಾವಣೆ. ಸಾವಿರಾರು ಸಣ್ಣ ಸೈಟು (ಲಾಜಿಕ್ ಸೆಲ್), ನಡುವೆ ರಸ್ತೆ (ಅವನ್ನು ಜೋಡಿಸುವ ತಂತಿ). ಝೈಲಿಂಕ್ಸ್ ಕಂಪನಿ 1985ರಲ್ಲಿ ತಂದ ಮೊದಲ ಎಫ್‌ಪಿಜಿಎಯಲ್ಲಿ 64 ಸೈಟುಗಳಷ್ಟೇ ಇದ್ದವು. ಇವತ್ತು ಎರಡು ಸಾವಿರ ರೂಪಾಯಿ ಆಸುಪಾಸಿನ ಬೋರ್ಡಿನಲ್ಲೇ ಎಂಟು ಸಾವಿರ ಮೀರಿ ಸಿಗುತ್ತವೆ. ಬಡಾವಣೆಯಲ್ಲಿ ರಸ್ತೆ ತುಂಬಿದರೆ ಖಾಲಿ ಸೈಟಿಗೂ ಹೋಗಲಾಗುವುದಿಲ್ಲ. ಚಿಪ್‌ನಲ್ಲೂ ಅದೇ ಕಥೆ. ನೂರಕ್ಕೆ ನೂರು ತುಂಬುವ ಲೆಕ್ಕ ಹಾಕಬೇಡಿ. ನಾನು ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ.

ಎಷ್ಟು ದೊಡ್ಡದು ಬೇಕು?

ದುಡ್ಡು ಉಳಿಯುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನೆನಪಿಡಬೇಕಾದ ಪ್ರತಿ ಬಿಟ್‌ಗೂ ಒಂದು ಫ್ಲಿಪ್‌ಫ್ಲಾಪ್ ಬೇಕು. ಸುಮ್ನೆ ಒಂದು ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗಬೇಕು ಅಂದುಕೊಳ್ಳಿ. ಬೋರ್ಡಿನ ಗಡಿಯಾರ 27 ಮೆಗಾಹರ್ಟ್ಸ್. ಅಂದರೆ 2 ಕೋಟಿ 70 ಲಕ್ಷದವರೆಗೆ ಎಣಿಸಬೇಕು. ಅದಕ್ಕೆ 25 ಬಿಟ್ ಬೇಕು. ಹತ್ತು ಮ್ಯಾಕ್ರೊಸೆಲ್ ಇರುವ 22ವಿ10 ಚಿಪ್‌ನಲ್ಲಿ ಈ ಪುಟ್ಟ ಕೆಲಸವೂ ಹಿಡಿಯುವುದಿಲ್ಲ!

ಈಗ ನಮ್ಮ ಡಬ್ಬ. ನಾಲ್ಕು ಸ್ಕೇಲು, ಒಂದೊಂದಕ್ಕೆ ಎರಡು ತಂತಿ. ಯಾವ ತಂತಿಯಲ್ಲಿ ಪಲ್ಸ್ ಮೊದಲು ಬಂತು ಅನ್ನುವುದರಿಂದ ಮೇಜು ಎಡಕ್ಕೋ ಬಲಕ್ಕೋ ಅಂತ ಗೊತ್ತಾಗುತ್ತದೆ. ವರ್ಕ್‌ಶಾಪಿನಲ್ಲಿ ಮೋಟಾರ್‌ಗಳಿಂದ ತಂತಿಗೆ ಸೇರುವ ವಿದ್ಯುತ್ ಗದ್ದಲ ಜಾಸ್ತಿ. ಆ ಗದ್ದಲ ಸೋಸಲು ಪ್ರತಿ ತಂತಿಗೂ ಮೂರು ಫ್ಲಿಪ್‌ಫ್ಲಾಪ್ ಇಡೋಣ. ಒಟ್ಟು 24.

ಕೌಂಟರ್ ಎಷ್ಟು ಬಿಟ್? ಹೆಚ್ಚಿನವರು ಯೋಚಿಸದೆ 32 ಅಂತ ಬರೆಯುತ್ತಾರೆ. ನಾಲ್ಕಕ್ಕೆ 128. ಓದುವ ಕ್ಷಣದಲ್ಲಿ ಅಂಕಿಗಳನ್ನು ಹಿಡಿದಿಟ್ಟು ಹೊರಗೆ ಕಳಿಸಲು ಇನ್ನೊಂದು 128. ಸೋಸುವ 24 ಸೇರಿದರೆ 280. ಮ್ಯಾಕ್ಸ್ 2 ಸರಣಿಯ ಇಪಿಎಂ240 ಎಂಬ ಸಿಪಿಎಲ್‌ಡಿ ಚಿಪ್‌ನಲ್ಲಿ ಇರುವುದು 240 ಸೆಲ್. ಹಿಡಿಯುವುದಿಲ್ಲ, ದೊಡ್ಡ ಚಿಪ್ ಬೇಕು ಅಂತ ತೀರ್ಮಾನಕ್ಕೆ ಬರುತ್ತೇವೆ.

ಸ್ವಲ್ಪ ತಡೆಯಿರಿ. 24 ಬಿಟ್ ಅಂದರೆ 1 ಕೋಟಿ 67 ಲಕ್ಷ ಎಣಿಕೆ. 1 ಮೈಕ್ರಾನ್ ಸ್ಕೇಲಿನಲ್ಲಿ ಅದು 16 ಮೀಟರಿಗಿಂತ ಉದ್ದ. ಅಷ್ಟು ಉದ್ದದ ಮೇಜು ಯಾರ ಹತ್ತಿರ ಇದೆ? ಕೌಂಟರ್‌ಗಳು 96ಕ್ಕೆ ಇಳಿದವು. ನಾಲ್ಕು ಅಂಕಿಗಳನ್ನೂ ಒಟ್ಟಿಗೆ ಹಿಡಿದಿಡುವ ಬದಲು ಒಂದೊಂದಾಗಿ ಓದಿದರೆ 24 ಬಿಟ್‌ನ ಒಂದೇ ಜಾಗ ಸಾಕು. ಸೋಸಲು 24. ಒಟ್ಟು 144. ನಿಯಂತ್ರಣಕ್ಕೆ ಇನ್ನೊಂದಿಷ್ಟು ಸೇರಿಸಿದರೂ ಅದೇ ಇಪಿಎಂ240ರಲ್ಲಿ ಆರಾಮಾಗಿ ಕೂರುತ್ತದೆ.

ಇನ್ನೂ ಇಳಿಸಬಹುದು. 16 ಬಿಟ್ ಕೌಂಟರ್ 65,536ರಲ್ಲಿ ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 1 ಲಕ್ಷ ಎಣಿಕೆ ಬಂದರೂ ಒಂದು ಸುತ್ತಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಪಕ್ಕದ ಆರ್ಡುಯಿನೊ ಸೆಕೆಂಡಿಗೆ 50 ಸಲ ಓದಿ, ಸುತ್ತುಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳಬಹುದು. ಆಗ 64, 16, 24 ಸೇರಿ 104. 128 ಮ್ಯಾಕ್ರೊಸೆಲ್ ಇರುವ ಎಟಿಎಫ್1508 ಎಂಬ ಸಿಪಿಎಲ್‌ಡಿಯಲ್ಲೂ ಬಿಗಿಯಾಗಿ ಹಿಡಿಯುವ ಸಾಧ್ಯತೆ ಇದೆ.

ಕೆಲಸ ಅದೇ. ಯೋಚನೆ ಬದಲಾದ ಹಾಗೆ ಬೇಕಾಗುವ ಚಿಪ್ 280 ಸೆಲ್‌ನಿಂದ 104ಕ್ಕೆ ಬಂತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು.

5 ವೋಲ್ಟ್‌ನ ತಕರಾರು

ಬಹಳಷ್ಟು ಸ್ಕೇಲುಗಳು 5 ವೋಲ್ಟ್ ಸಿಗ್ನಲ್ ಕೊಡುತ್ತವೆ. ಈಗಿನ ಹೆಚ್ಚಿನ ಎಫ್‌ಪಿಜಿಎ ಪಿನ್‌ಗಳು 3.3 ವೋಲ್ಟ್‌ಗೆ ಮಾಡಿದವು. ನಾನು ಒಂದು ಸಲ 5 ವೋಲ್ಟ್ ತಂತಿಯನ್ನು ನೇರವಾಗಿ ಜೋಡಿಸಿದ್ದೆ. ಬೋರ್ಡ್ ತಕ್ಷಣ ಹಾಳಾಗಲಿಲ್ಲ. ಎರಡು ದಿನ ಸರಿಯಾಗಿ ಓಡಿತು. ಮೂರನೇ ದಿನ ಎರಡು ಪಿನ್ ಸತ್ತವು. ತಕ್ಷಣ ಗೊತ್ತಾಗದ ಕಾರಣಕ್ಕೇ ಈ ತಪ್ಪು ಅಪಾಯಕಾರಿ.

ಪರಿಹಾರ ಸುಲಭ. 74ಎಲ್‌ವಿಸಿ245 ಎಂಬ ಚಿಪ್‌ಗೆ 3.3 ವೋಲ್ಟ್ ಕೊಟ್ಟು ನಡುವೆ ಕೂರಿಸಿ. ಅದರ ಒಳಬರುವ ಪಿನ್‌ಗಳು 5 ವೋಲ್ಟ್ ತಡೆದುಕೊಳ್ಳುತ್ತವೆ, ಹೊರಗೆ 3.3 ವೋಲ್ಟ್ ಕೊಡುತ್ತವೆ. ಒಂದು ಚಿಪ್‌ನಲ್ಲಿ ಎಂಟು ದಾರಿ. ನಮ್ಮ ಎಂಟು ತಂತಿಗೆ ಸರಿಹೋಯಿತು. ಎಟಿಎಫ್1508ರ 5 ವೋಲ್ಟ್ ಮಾದರಿ ತೆಗೆದುಕೊಂಡರೆ ಇದೂ ಬೇಡ.

ಅಗ್ಗದ ಬೋರ್ಡುಗಳಲ್ಲಿ ಇನ್ನೊಂದು ಸಂಗತಿ ನೋಡಿಕೊಳ್ಳಿ. ಪಿನ್‌ಗಳನ್ನು ಬ್ಯಾಂಕ್ ಎಂಬ ಗುಂಪುಗಳಾಗಿ ಮಾಡಿರುತ್ತಾರೆ. ಒಂದೊಂದು ಬ್ಯಾಂಕಿಗೆ ಒಂದೊಂದು ವೋಲ್ಟೇಜ್ ಇರಬಹುದು. ಟ್ಯಾಂಗ್ ನ್ಯಾನೊ 9ಕೆ ಎಂಬ ಎಫ್‌ಪಿಜಿಎ ಬೋರ್ಡಿನಲ್ಲಿ ಎಲ್‌ಇಡಿಗಳಿರುವ ಬ್ಯಾಂಕ್ 1.8 ವೋಲ್ಟ್‌ನದು. ಬೋರ್ಡಿನ ನಕ್ಷೆ ನೋಡದೆ ತಂತಿ ಹಾಕಬೇಡಿ.

ಕರೆಂಟ್ ಹೋಗಿ ಬಂದರೆ?

ಕೆಲವು ಎಫ್‌ಪಿಜಿಎಗಳು ಬಾಗಿಲ ಮುಂದಿನ ರಂಗೋಲಿಯ ಹಾಗೆ. ಪ್ರತಿ ಬೆಳಗ್ಗೆ ಹೊಸದಾಗಿ ಬಿಡಿಸಬೇಕು. ಕರೆಂಟ್ ಹೋದರೆ ಒಳಗಿನ ಸರ್ಕ್ಯೂಟ್ ಅಳಿಸಿಹೋಗುತ್ತದೆ. ಬಂದಾಗ ಪಕ್ಕದ ಫ್ಲ್ಯಾಶ್ ಮೆಮೊರಿಯಿಂದ ಮತ್ತೆ ತುಂಬಿಸಿಕೊಳ್ಳುತ್ತದೆ. ಸೈಕ್ಲೋನ್ 4 ಎಂಬ ಎಫ್‌ಪಿಜಿಎ ಸರಣಿ ಇಂಥದ್ದು. ಇದಕ್ಕೆ ಹೊರಗೆ ಇನ್ನೊಂದು ಚಿಪ್ ಬೇಕು. ಗ್ಯಾಲ್, ಎಟಿಎಫ್15 ಸರಣಿ, ಮ್ಯಾಕ್ಸ್ 2, ಟ್ಯಾಂಗ್ ನ್ಯಾನೊ 9ಕೆ ಮೇಲಿರುವ ಗೋವಿನ್ ಕಂಪನಿಯ ಜಿಡಬ್ಲ್ಯು1ಎನ್ ಸರಣಿ ಇವುಗಳಲ್ಲಿ ಆ ನೆನಪು ಚಿಪ್ ಒಳಗೇ ಇದೆ.

ತುಂಬಿಕೊಳ್ಳುವ ಆ ಕ್ಷಣದಲ್ಲಿ ಪಿನ್‌ಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಪಿನ್‌ಗೆ ರಿಲೇ ಅಥವಾ ಮೋಟಾರ್ ಡ್ರೈವರ್ ಜೋಡಿಸಿದ್ದರೆ ಅದು ತಾನಾಗಿ ಆನ್ ಆಗಬಹುದು. ಅಲ್ಲಿ ಪಿನ್ನಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಲೇಬೇಕು. ಮಷಿನ್ ಹತ್ತಿರ ಕೈ ಇಟ್ಟು ಕೆಲಸ ಮಾಡುವವರು ಇದ್ದಾರೆ.

ಚಿಪ್ ಅಗ್ಗ, ಅದರ ಸುತ್ತಲಿನದು?

22ವಿ10 ಚಿಪ್‌ಗೆ ಕೆಲವು ನೂರು ರೂಪಾಯಿ. ಆದರೆ ಅದಕ್ಕೆ ಬರೆಯಲು ಬೇಕಾಗುವ ಟಿ48 ಥರದ ಪ್ರೋಗ್ರಾಮರ್ ಯಂತ್ರಕ್ಕೆ ಹಲವು ಪಟ್ಟು ಜಾಸ್ತಿ ಕೊಡಬೇಕು. ಒಂದೇ ಚಿಪ್ ಬೇಕಿದ್ದರೆ ಇದು ಅಗ್ಗವಲ್ಲ. ಇಪಿಎಂ240ಗೆ ಯುಎಸ್‌ಬಿ ಬ್ಲಾಸ್ಟರ್ ಎಂಬ ಕೇಬಲ್ ಬೇಕು. ಟ್ಯಾಂಗ್ ನ್ಯಾನೊ ಬೋರ್ಡಿನಲ್ಲಿ ಆ ಕೆಲಸದ ಚಿಪ್ ಬೋರ್ಡ್ ಮೇಲೇ ಇದೆ. ಮೊಬೈಲ್ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಡೇಟಾ ತಂತಿ ಇದ್ದರೆ ಅದೇ ಸಾಕು.

ಆಮೇಲೆ ಸೋಲ್ಡರಿಂಗ್. 22ವಿ10 ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ಲದೆ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಕೂರುತ್ತದೆ. ಎಟಿಎಫ್15 ಸರಣಿ ಸಾಕೆಟ್ಟಿನಲ್ಲಿ ಕೂರುವ ಚೌಕ ಪ್ಯಾಕೇಜಿನಲ್ಲೂ ಸಿಗುತ್ತದೆ. ಇಪಿಎಂ240ರ ಸಾಮಾನ್ಯ ಮಾದರಿಗೆ ಅರ್ಧ ಮಿಲಿಮೀಟರ್ ಅಂತರದ 100 ಕಾಲು. ಕೈ ಪಳಗಿದ್ದರೆ ಆಗುತ್ತದೆ. ಕಾಲೇ ಇಲ್ಲದೆ ಹೊಟ್ಟೆಯಡಿ ಗುಂಡುಗಳಿರುವ ಬಿಜಿಎ ಚಿಪ್ಪನ್ನು ಮನೆಯಲ್ಲಿ ಕೂರಿಸುವ ಆಸೆ ಬೇಡ. ಬಿಡಿ ಚಿಪ್ ತಂದು ಸೋಲ್ಡರ್ ಮಾಡಿದರೆ ಎರಡು ಬಗೆಯ ಸಪ್ಲೈ, ಪ್ರತಿ ಸಪ್ಲೈ ಪಿನ್ನಿಗೂ ಕೆಪಾಸಿಟರ್, ಗಡಿಯಾರ ಎಲ್ಲ ನಮ್ಮ ತಲೆಗೇ ಬರುತ್ತದೆ. ಒಂದೆರಡು ಡಬ್ಬ ಮಾಡುವವರಿಗೆ ತಯಾರಾದ ಬೋರ್ಡ್ ಕೊಳ್ಳುವುದೇ ಕೊನೆಗೆ ಅಗ್ಗ.

ನಾವು ಬರೆದ ಡಿಸೈನನ್ನು ಚಿಪ್‌ಗೆ ಹೊಂದಿಸುವ ಸಾಫ್ಟ್‌ವೇರ್ ಕಡೆ ಈಗ ಒಳ್ಳೆಯ ಕಾಲ. ಮ್ಯಾಕ್ಸ್ 2 ಮತ್ತು ಸೈಕ್ಲೋನ್ 4ಕ್ಕೆ ಕ್ವಾರ್ಟಸ್ ಪ್ರೈಮ್ ಲೈಟ್ ಉಚಿತ. ಗೋವಿನ್ ತನ್ನ ಸಾಫ್ಟ್‌ವೇರ್‌ನ ಶಿಕ್ಷಣ ಆವೃತ್ತಿಯನ್ನು ಉಚಿತವಾಗಿ ಕೊಡುತ್ತದೆ. ಲ್ಯಾಟಿಸ್‌ನ ಐಸ್40 ಎಫ್‌ಪಿಜಿಎ ಚಿಪ್‌ಗಳಿಗೆ 2015ರಲ್ಲಿ ಐಸ್‌ಸ್ಟಾರ್ಮ್ ಎಂಬ ಮುಕ್ತ ಯೋಜನೆ ಬಂತು. ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಎಂಬ ಮುಕ್ತ ಸಾಧನಗಳ ಜೊತೆ ಸೇರಿ ಅದು ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಗೋವಿನ್ ಚಿಪ್‌ಗಳಿಗೂ ಅಪಿಕ್ಯುಲಾ ಎಂಬ ಅಂಥದೇ ಯೋಜನೆ ಇದೆ.

ಹಳೇ ಪಾಠಗಳನ್ನು ನೋಡಿ ಚಿಪ್ ಕೊಳ್ಳುವಾಗ ಮಾತ್ರ ಎಚ್ಚರ. ಎಕ್ಸ್‌ಸಿ9572ಎಕ್ಸ್‌ಎಲ್ ಒಂದು ಕಾಲಕ್ಕೆ ಎಲ್ಲರ ಮೆಚ್ಚಿನ ಸಿಪಿಎಲ್‌ಡಿ. 72 ಮ್ಯಾಕ್ರೊಸೆಲ್, 5 ವೋಲ್ಟ್ ತಡೆಯುವ ಪಿನ್. ಆದರೆ ಅದಕ್ಕೆ ಬೇಕಾದ ಐಎಸ್‌ಇ 14.7 ಸಾಫ್ಟ್‌ವೇರ್ 2013ರದು, ಹೊಸ ವಿಂಡೋಸ್‌ನಲ್ಲಿ ಕಾಡುತ್ತದೆ. ಝೈಲಿಂಕ್ಸ್ ಕೊಂಡ ಎಎಂಡಿ 2024ರಲ್ಲಿ ಆ ಸರಣಿಯನ್ನೇ ನಿಲ್ಲಿಸುವುದಾಗಿ ತಿಳಿಸಿತು. ನಿಂತುಹೋದ ಚಿಪ್ ಅಗ್ಗದಲ್ಲಿ ಸಿಕ್ಕರೆ ಅದು ಬೋರ್ಡಿನಿಂದ ಕಿತ್ತದ್ದೋ, ಮೇಲಿನ ಹೆಸರು ಉಜ್ಜಿ ಬೇರೆ ಬರೆದದ್ದೋ ಇರಬಹುದು.

ಹಾಗಾದರೆ ಯಾವುದು?

ಮೊದಲ ಸಲ ಕೈ ಹಾಕುವವರಿಗೆ ನಾನು ಟ್ಯಾಂಗ್ ನ್ಯಾನೊ 9ಕೆ ಹೇಳುತ್ತೇನೆ. ಅದರಲ್ಲಿ 8,640 ಲಟ್ ಇವೆ. ನಮ್ಮ ಡಬ್ಬಕ್ಕೆ ಇಷ್ಟು ಬೇಡವೇ ಬೇಡ. ಆದರೆ ಕಲಿಯುವಾಗ ಜಾಗ ಸಾಲದೆ ಒದ್ದಾಡುವ ಕಷ್ಟ ಇರುವುದಿಲ್ಲ, ಪ್ರೋಗ್ರಾಮರ್‌ಗೆ ಬೇರೆ ಖರ್ಚಿಲ್ಲ, ಡಿಸ್‌ಪ್ಲೇಗೆ ಎಚ್‌ಡಿಎಂಐ ಕಿಂಡಿಯೂ ಇದೆ. ಅದೇ ಸಾಲಿನ ಟ್ಯಾಂಗ್ ನ್ಯಾನೊ 1ಕೆಯಲ್ಲಿ 1,152 ಲಟ್. ಡಿಆರ್‌ಒಗೆ ಅದೇ ಧಾರಾಳ.

ಬ್ಯಾಟರಿಯಲ್ಲಿ ಓಡಬೇಕು, ಮುಕ್ತ ಸಾಧನಗಳೇ ಬೇಕು ಅನ್ನುವವರಿಗೆ ಐಸ್40 ಅಲ್ಟ್ರಾಪ್ಲಸ್ ಯುಪಿ5ಕೆ. 5,280 ಲಟ್, ಕರೆಂಟ್ ಬಳಕೆ ಬಹಳ ಕಡಿಮೆ. ಹಳೇ 5 ವೋಲ್ಟ್ ಸರ್ಕ್ಯೂಟಿನ ನಡುವೆ ಕೂರಬೇಕಾದ ಕಡೆ ಎಟಿಎಫ್ ಚಿಪ್‌ಗಳು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಬ್ಲಾಸ್ಟರ್ ಕೇಬಲ್ ಆಗಲೇ ಇದ್ದರೆ ಇಪಿಎಂ240 ಬೋರ್ಡ್ ಎಲ್ಲಕ್ಕಿಂತ ಅಗ್ಗವಾಗಬಹುದು.

ಕೊಳ್ಳುವ ಮೊದಲೇ ಬರೆಯಿರಿ

ಬಹಳ ಜನ ಚಿಪ್ ತಂದು ಆಮೇಲೆ ಡಿಸೈನ್ ಬರೆಯಲು ಕೂರುತ್ತಾರೆ. ಅದನ್ನು ತಿರುಗಿಸಿ. ಸರ್ಕ್ಯೂಟ್ ಬರೆಯುವ ಭಾಷೆಗಳಾದ ವೆರಿಲಾಗ್ ಅಥವಾ ವಿಎಚ್‌ಡಿಎಲ್‌ನಲ್ಲಿ ಕೌಂಟರ್ ಬರೆಯಿರಿ. ಸಾಫ್ಟ್‌ವೇರ್‌ನಲ್ಲಿ ಚಿಪ್‌ನ ಹೆಸರು ಆರಿಸಿ ಓಡಿಸಿ. ಚಿಪ್ ಕೈಯಲ್ಲಿ ಇರಬೇಕೆಂದಿಲ್ಲ, ಒಂದು ರೂಪಾಯಿಯೂ ಖರ್ಚಾಗಿರುವುದಿಲ್ಲ. ಎಷ್ಟು ಸೆಲ್ ಬಳಕೆಯಾಯಿತು, ಎಷ್ಟು ಪಿನ್ ಬೇಕು, ಎಷ್ಟು ಮೆಗಾಹರ್ಟ್ಸ್‌ವರೆಗೆ ಓಡುತ್ತದೆ ಅಂತ ವರದಿ ಬರುತ್ತದೆ. ನಾನು ಮೇಲೆ ಕೊಟ್ಟ 144, 104 ಎಲ್ಲ ಫ್ಲಿಪ್‌ಫ್ಲಾಪ್‌ಗಳ ಅಂದಾಜು. ನಿಜವಾದ ಅಂಕಿ ಆ ವರದಿಯಲ್ಲೇ ಸಿಗುವುದು. ಹಿಡಿದರೆ ಒಂದು ಹಂತ ಚಿಕ್ಕ ಚಿಪ್‌ನ ಹೆಸರು ಹಾಕಿ ಮತ್ತೆ ಓಡಿಸಿ. ಹಿಡಿಯದೆ ಹೋದಾಗ ಒಂದು ಹಂತ ಮೇಲಕ್ಕೆ ಬನ್ನಿ.

ಕೊನೆಯದಾಗಿ ಆ ಹೆಸರನ್ನು ಬಾಲದ ಸಮೇತ ಬರೆದುಕೊಳ್ಳಿ. ಇಪಿಎಂ240ಟಿ100ಸಿ5ಎನ್ ಅಂದರೆ ಟಿ100 ಅನ್ನುವುದು ನೂರು ಕಾಲಿನ ಚಪ್ಪಟೆ ಪ್ಯಾಕೇಜ್. ಸಿ ಅಂದರೆ ಮಾಮೂಲಿ ತಾಪಮಾನಕ್ಕೆ ಮಾಡಿದ್ದು. 5 ವೇಗದ ದರ್ಜೆ, ಈ ಸರಣಿಯಲ್ಲಿ ಅಂಕಿ ಕಡಿಮೆಯಾದಷ್ಟೂ ವೇಗ ಜಾಸ್ತಿ. ಎನ್ ಅಂದರೆ ಸೀಸವಿಲ್ಲದ್ದು. ಎಸ್‌ಪಿ ರೋಡಿನ ಅಂಗಡಿಯಲ್ಲಿ ಬರೀ "ಇಪಿಎಂ240 ಇದೆಯಾ" ಅಂತ ಕೇಳಿದರೆ ಇದೆ ಅನ್ನುತ್ತಾರೆ. ಮನೆಗೆ ಬಂದು ಬೋರ್ಡ್ ಮೇಲೆ ಇಟ್ಟಾಗ ಕಾಲುಗಳು ಹೊಂದಬೇಕಲ್ವಾ, ಅದಕ್ಕೆ ಪೂರ್ತಿ ಹೆಸರು ಕೇಳಿ.